ಮೇನ್ ಇಳಿಸಿದೆನೋ ಇಲ್ಲವೋ

ಮಕ್ತಲಿನ ಕೊನೆಯ ಮನೆಗಳು ಹಿಂದಾಗಿ ಬಸ್ಸು ಹತ್ತಿ ಹೊಲಗಳ ನಡುವಿನ ರಸ್ತೆಗೆ ಬಿದ್ದಿತ್ತು. ಕಂಡಕ್ಟರಮ್ಮ ಆಧಾರ್ ಕಾರ್ಡನ್ನು ನೋಡಿದಂತೆ ಮಾಡಿ, ಪರಿಚಯದ ಮುಖಕ್ಕೆ ನಕ್ಕು, ಹೆಂಗಸರ ಉಚಿತ ಪ್ರಯಾಣದ ಜೀರೋ ಟಿಕೆಟನ್ನು ಭಾಗ್ಯಜ್ಯೋತಿಯ ಕೈಗಿತ್ತಳು. ಭಾಗ್ಯಜ್ಯೋತಿ ಅದನ್ನು ಕಾಲಡಿಗೆ ಬಿಸಾಡುವವಳಲ್ಲ. ಮಡಚಿ ಚೀಲದ ಸಣ್ಣ ಜೇಬಿಗೆ ಸೇರಿಸುವಾಗ ಅವಳ ಬಲಗೈ ತಟ್ಟನೆ ನಿಂತಿತು. ಬೆರಳುಗಳಲ್ಲಿ ಏನೋ ಉಳಿದುಕೊಂಡಂತಿತ್ತು. ಗಟ್ಟಿಯಾದದ್ದು, ತಣ್ಣಗಿನದು, ಕೆಳಗೆಳೆದರೆ ಟಕ್ ಎಂದು ಬೀಳುವಂಥದ್ದು.

ಮೇನ್ ಸ್ವಿಚ್ಚು.

ಇಳಿಸಿದೆನೇ?

ಅವರ ಮನೆಯಲ್ಲಿ ಕರೆಂಟಿನ ಮೀಟರು ತಲೆಬಾಗಿಲ ಪಕ್ಕದ ಗೋಡೆಯಲ್ಲಿದೆ, ಅದರ ಕೆಳಗೆ ಮೇನು. ಎಲ್ಲರಿಗಿಂತ ಕೊನೆಗೆ ಹೊರಡುವವರು ಮೇನ್ ಇಳಿಸಿ ಹೋಗಬೇಕು ಎಂಬುದು ಭಾಗ್ಯಜ್ಯೋತಿಯೇ ಮಾಡಿದ ನಿಯಮ. ಯಾರೂ ಇಲ್ಲದ ಮನೆಯಲ್ಲಿ ಟಿವಿಯ ಕೆಂಪು ಚುಕ್ಕಿ ಯಾಕೆ ಉರಿಯಬೇಕು, ಮರೆತ ಫ್ಯಾನು ಯಾರಿಗೆ ಗಾಳಿ ಬೀಸಬೇಕು? ಮೊದಮೊದಲು ಜ್ಞಾಪಿಸಿಕೊಂಡು ಮಾಡುತ್ತಿದ್ದುದು ಬರಬರುತ್ತಾ ಕೈಗೇ ಹತ್ತಿಬಿಟ್ಟಿತ್ತು. ಚೀಲ ಹೆಗಲಿಗೆ, ನೀರಿನ ಸ್ಟೀಲ್ ಬಾಟಲಿ ಚೀಲಕ್ಕೆ, ತರಕಾರಿ ಸಿಪ್ಪೆಯ ಬಕೀಟು ಹೊರಗೆ, ಮೇನು ಕೆಳಗೆ, ಬಾಗಿಲಿಗೆ ಹೊರಗಿನಿಂದ ಚಿಲಕ. ಮನಸ್ಸು ಆಗಲೇ ಬಸ್ಸಿನಲ್ಲಿರುತ್ತಿತ್ತು, ಕೈ ತನ್ನ ಪಾಡಿಗೆ ತಾನು ಎಲ್ಲ ಮುಗಿಸಿ ಬರುತ್ತಿತ್ತು.

ಆದರೆ ಇವತ್ತು ಮನೆ ಖಾಲಿ ಇರಲಿಲ್ಲ. ಒಳಗೆ ಅವಳ ಮಾವ ಶರಣಯ್ಯನವರು ಮಂಚದ ಮೇಲೆ ದಿಂಬಿಗೆ ಒರಗಿ, ಮೂಗಿಗೆ ನಳಿಕೆ ಹಾಕಿಕೊಂಡು ಕೂತಿದ್ದರು. ನಳಿಕೆಯ ಇನ್ನೊಂದು ತುದಿ ಆಕ್ಸಿಜನ್ ಮಿಷನ್ನಿಗಿತ್ತು. ಆ ಮಿಷನ್ನು ನಡೆಯುವುದು ಕರೆಂಟಿನ ಮೇಲೆ.

ಭಾಗ್ಯಜ್ಯೋತಿ ಕಣ್ಣು ಮುಚ್ಚಿ ಬೆಳಿಗ್ಗೆಯನ್ನು ಮತ್ತೆ ನಡೆಸಿ ನೋಡಿದಳು. ಮಾವನಿಗೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಟ್ಟದ್ದು ನೆನಪಿದೆ. ಫೋನನ್ನು ದಿಂಬಿನ ಪಕ್ಕ ಇಟ್ಟದ್ದು ನೆನಪಿದೆ. ಮುಂದೆ? ಬಕೀಟು ಹೊರಗಿಟ್ಟೆ. ಮೇನ್ ಇಳಿಸಿದೆ. ಚಿಲಕ ಹಾಕಿದೆ. ಎಲ್ಲವೂ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಆದರೆ ಅದು ಇವತ್ತಿನದೋ, ಹೋದ ತಿಂಗಳಿನದೋ, ಹೋದ ವರ್ಷದ್ದೋ? ದಿನವೂ ಮಾಡಿದ್ದಕ್ಕೆ ಒಂದೊಂದು ದಿನದ ಗುರುತು ಉಳಿಯುವುದಿಲ್ಲ.

ಶರಣಯ್ಯನವರು ಮಕ್ತಲಿನ ಬಜಾರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದವರು. ಒಣಮೆಣಸಿನಕಾಯಿಯ ಚೀಲಗಳ ನಡುವೆಯೇ ಪ್ರಾಯ ಕಳೆದಿದ್ದರು. ಆ ಘಾಟು, ಅದರ ಮೇಲೆ ಬೀಡಿ. ಈಚಿನವರೆಗೂ ಹಗಲೆಲ್ಲ ಅಂಗಡಿಯಲ್ಲೇ ಇರುತ್ತಿದ್ದರು. ಈಗ ಎದೆ ಸೋತಿತ್ತು. ರಾಯಚೂರಿನ ಡಾಕ್ಟರು ಮಿಷನ್ನು ಬರೆದುಕೊಟ್ಟು, ಸೊಸೆಯನ್ನು ಪಕ್ಕಕ್ಕೆ ಕರೆದು ಹೇಳಿದ್ದರು. "ಎದ್ದು ಓಡಾಡುವಾಗ ಸ್ವಲ್ಪ ಹೊತ್ತು ತೆಗೆದ್ರೂ ನಡೀತದಮ್ಮ. ಮಲಗುವಾಗ ಮಾತ್ರ ಇರಲೇಬೇಕು. ನಿದ್ದೆಯಲ್ಲಿ ಉಸಿರು ಇಳಿದದ್ದು ಅವರಿಗೇ ಗೊತ್ತಾಗೋದಿಲ್ಲ. ಮತ್ತೂ ನಿದ್ದೆ ಬಂದಂಗೆ ಆಗ್ತದೆ, ಅಷ್ಟೆ."

ಮತ್ತೂ ನಿದ್ದೆ ಬಂದಂತೆ. ಬಸ್ಸಿನ ಕಿಟಕಿಯ ಸರಳು ಹಿಡಿದು ಅವಳು ಆ ಮಾತನ್ನೇ ಕೇಳಿಸಿಕೊಳ್ಳುತ್ತಿದ್ದಳು.

ಮಿಷನ್ನು ಬಂದದ್ದು ಗದ್ವಾಲದಿಂದ. ಅವಳ ಗಂಡ ಗುರುಲಿಂಗ ಅಲ್ಲಿ ಹತ್ತಿಬೀಜದ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಜೊತೆಗಾರನೊಬ್ಬ ತೀರಿಕೊಂಡ ತನ್ನ ತಾಯಿಯ ಮಿಷನ್ನನ್ನು ಒರೆಸಿ, ಹೊಸ ನಳಿಕೆ ಹಾಕಿಸಿ, ತಾನೇ ತಂದು ಇಳಿಸಿ, "ಇದು ಕೆಲಸಕ್ಕೆ ಬಂದ್ರ ಅವ್ವ ಇದ್ದಂಗ" ಎಂದು ಹೇಳಿ, ಚಹಾ ಕೂಡ ಕುಡಿಯದೆ ಹೋಗಿದ್ದ. "ಕರೆಂಟ್ ಹೋದ್ರ ಇದು ಕುಂಯ್ ಕುಂಯ್ ಅಂತ ಅಳ್ತೈತಿ, ತಿಳೀತೈತಿ ನಿಮಗ" ಎಂದೂ ಹೇಳಿದ್ದ. ಅಳುತ್ತದೆ, ನಿಜ. ಚಿಲಕ ಹಾಕಿದ ಮನೆಯಲ್ಲಿ ಅದರ ಅಳು ಯಾರು ಕೇಳಬೇಕು?

ನಿನ್ನೆಯವರೆಗೆ ಭಾಗ್ಯಜ್ಯೋತಿ ಮಾವನನ್ನು ನೋಡಿಕೊಳ್ಳಲು ರಜೆಯ ಮೇಲಿದ್ದಳು. ರಜೆ ಮುಗಿದ ಮೊದಲ ದಿನ ಇದು. ಗುರುಲಿಂಗ ಬೆಳಗಾಗುತ್ತಲೇ ರಾಜೋಳಿಯ ಕಡೆ ಹೊಲ ನೋಡಲು ಹೋಗಿದ್ದ, ಮಧ್ಯಾಹ್ನ ಊಟದ ಹೊತ್ತಿಗೆ ಮನೆಗೆ ಬರುವವನಿದ್ದ. ನಡುವಿನ ಆ ಸ್ವಲ್ಪ ಹೊತ್ತು ಮಾವ ಒಬ್ಬರೇ. "ನಾ ಏನ್ ಕೂಸೇನವ್ವ? ಹೋಗು, ನಿನ್ನ ಆಫೀಸಿನ ಫ್ಯಾನು ದಾರಿ ನೋಡಾಕತ್ತಿರ್ತಾವು" ಎಂದು ಅವರೇ ಕಳಿಸಿದ್ದರು.

ಫ್ಯಾನಿನ ಮಾತು ಸುಮ್ಮನೆ ಬಂದದ್ದಲ್ಲ. ನಾರಾಯಣಪೇಟೆಯ ಅವಳ ಕಚೇರಿಯಲ್ಲಿ ಎಲ್ಲರೂ ಅವಳನ್ನು ಮೇನ್ ಮೇಡಂ ಎಂದೇ ಕರೆಯುತ್ತಿದ್ದರು. ಕಾಗದದ ಕಪ್ಪುಗಳ ಗುಡ್ಡೆ ನೋಡಲಾರದೆ ಎಲ್ಲರಿಗೂ ಸ್ಟೀಲ್ ಲೋಟ ತರಿಸಿದವಳು ಅವಳು. ತೊಳೆಯುವ ಪೆಂಟಮ್ಮನಿಗೆ ಹೊರೆಯಾದೀತೆಂದು ಅವರವರ ಲೋಟ ಅವರವರೇ ತೊಳೆಯಬೇಕು ಅಂದಾಗ ಮೇಜು ಮೇಜಿನಲ್ಲೂ ಗೊಣಗಾಟ ಎದ್ದಿತ್ತು. ಊಟಕ್ಕೆ ಎದ್ದರೆ ಕೋಣೆಯ ಮೇನ್ ಇಳಿಸುವುದು ಅವಳ ಇನ್ನೊಂದು ಪದ್ಧತಿ. "ಮೇಡಂ ಕುರ್ಚಿ ಬಿಟ್ಟು ಎದ್ರಂದ್ರ ಫ್ಯಾನಿಗೇ ತಿಳೀತೈತಿ ನೋಡ್ರಿ, ಹೆದರಿ ತಾನಾ ನಿಂದ್ರತೈತಿ" ಎಂದು ಪಕ್ಕದ ಮೇಜಿನ ಉದಯಕುಮಾರ ಹಾಸ್ಯ ಮಾಡುತ್ತಿದ್ದ. ಹಾಸ್ಯ ಮಾಡುತ್ತಲೇ ಅವನೂ ಮನೆಯಿಂದ ಬಟ್ಟೆ ಚೀಲ ತರಲು ಶುರುಮಾಡಿದ್ದ.

ಮನೆಯಲ್ಲಿ ಮಾವ ಮಾತ್ರ ಒಂದು ದಿನವೂ ಗೊಣಗಲಿಲ್ಲ. ಅಂಗಡಿಯಲ್ಲಿದ್ದಾಗ ಮೂಟೆಗಳ ಹೊಲಿಗೆ ಬಿಚ್ಚಿ ಬಂದ ದಾರವನ್ನು ಉಂಡೆ ಸುತ್ತಿ, ಅದೇ ದಾರದಲ್ಲಿ ಹಳೆಯ ಪೇಪರಿನ ಪೊಟ್ಟಣ ಕಟ್ಟುತ್ತಿದ್ದ ಮನುಷ್ಯ. ಆ ಉಂಡೆ ಈಗಲೂ ಅವರ ಮಂಚದ ಪಕ್ಕದ ಗೂಡಿನಲ್ಲಿತ್ತು. "ನಾ ಜೀವಮಾನ ಪೂರಾ ದಾರ ಸುತ್ತಿಟ್ಟೆ, ಮಂದಿ ಜಿಪುಣ ಅಂದ್ರು. ನೀ ಮೇನ್ ಇಳಿಸಿದ್ರ ಪರಿಸರ ಅಂತಾರ. ನಸೀಬು ಅಂದ್ರ ನಿಂದು" ಎಂದು ನಗುತ್ತಿದ್ದರು. ನಕ್ಕರೂ, ಸೊಸೆ ಬರುವ ಹೊತ್ತಿಗೆ ಅವಳ ಒಂದೊಂದು ನಿಯಮವನ್ನೂ ಪಾಲಿಸಿ ಕೂತಿರುತ್ತಿದ್ದರು. ಅಕ್ಕಿ ತೊಳೆದ ನೀರು ಕರಿಬೇವಿನ ಬುಡಕ್ಕೆ ಹೋಗಿರುತ್ತಿತ್ತು. ಬಚ್ಚಲ ದೀಪ ಆರಿರುತ್ತಿತ್ತು. ಅವಳ ಮಾತು ಮನೆಯಲ್ಲಿ ನಡೆಯಬೇಕು ಎಂಬುದು ಅವರು ಅವಳಿಗೆ ಕೊಡುತ್ತಿದ್ದ ಮರ್ಯಾದೆ.

ಭಾಗ್ಯಜ್ಯೋತಿ ಮಾವನ ಫೋನಿಗೆ ಕರೆ ಮಾಡಿದಳು. ರಿಂಗಾಯಿತು. ಕೊನೆಯವರೆಗೂ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಮತ್ತೆ ಹಾಗೆಯೇ.

ಅವರಿಗೆ ಕಿವಿ ಸ್ವಲ್ಪ ಮಂದ. ಮಿಷನ್ನಿನ ಗುಂಯ್ ಸದ್ದಿನಲ್ಲಿ ಫೋನು ಕೇಳಿಸಿರಲಿಕ್ಕಿಲ್ಲ. ಹಾಗಿದ್ದರೆ ಮಿಷನ್ನು ನಡೆಯುತ್ತಿದೆ, ಎಲ್ಲ ಸರಿಯಿದೆ. ಅಥವಾ ಮಿಷನ್ನು ನಿಂತಿದೆ, ಮನೆ ನಿಶ್ಶಬ್ದವಾಗಿದೆ, ಫೋನು ದಿಂಬಿನ ಪಕ್ಕದಲ್ಲೇ ಕೂಗುತ್ತಿದೆ, ಆದರೂ ಅವರು ಎತ್ತುತ್ತಿಲ್ಲ. ಒಂದೇ ರಿಂಗು ಎರಡನ್ನೂ ಹೇಳುತ್ತಿತ್ತು.

ಗಂಡನ ಫೋನು ಸಿಗಲಿಲ್ಲ. ರಾಜೋಳಿಯ ಹೊಲಗಳಲ್ಲಿ ಸಿಗ್ನಲ್ ಹೀಗೆಯೇ. ಎದುರು ಮನೆಯ ಹುಸೇನಮ್ಮನ ಹತ್ತಿರ ಫೋನೇ ಇಲ್ಲ. ಅವಳ ಮಗನ ನಂಬರು ಇತ್ತು, ಅದಕ್ಕೆ ಮಾಡಿದಳು. ಅವನ ಹಿಂದೆ ಹಮಾಲರ ಕೂಗು, ಲಾರಿಯ ಹಾರ್ನು. "ನಾ ಕೋಸಗಿ ಮಾರ್ಕೆಟಿನ್ಯಾಗ ಅದೀನ್ರಿ ಅಕ್ಕಾರ. ಅವ್ವ ಆಡು ಬಿಡಾಕ ಹೋಗಿರಬೇಕು. ಯಾಕ್ರಿ, ಏನಾತು?" ಏನೆಂದು ಹೇಳಬೇಕು? ನನ್ನ ಕೈ ಏನು ಮಾಡಿತೋ ನನಗೇ ಗೊತ್ತಿಲ್ಲ ಎಂದೇ?

ಅವಳು ಎದ್ದು ನಿಂತಳು. "ಗಾಡಿ ನಿಲ್ಲಿಸ್ರಿ."

"ಇಲ್ಲಿ ಸ್ಟಾಪಿಲ್ಲ ಮೇಡಂ, ಮುಂದ ಜಕ್ಲೇರಿನ್ಯಾಗ" ಎಂದ ಕಂಡಕ್ಟರಮ್ಮ ಅವಳ ಮುಖ ನೋಡಿದವಳೇ ಸೀಟಿ ಊದಿದಳು. "ಏಮಯ್ಯಿಂದಿ ಮೇಡಂ, ಏನಾತು?" ಎಂದು ತೆಲುಗು ಬೆರೆಸಿ ಮೆಲ್ಲಗೆ ಕೇಳುತ್ತಾ ತಾನೇ ಮೊದಲು ಕೆಳಗಿಳಿದು, ಭಾಗ್ಯಜ್ಯೋತಿಯ ಮೊಣಕೈ ಹಿಡಿದು ಇಳಿಸಿದಳು. ಬಸ್ಸಿನಲ್ಲಿ ಯಾರೋ ತಡವಾಯಿತೆಂದು ಗುರ್ ಎಂದರು. "ನಿಮ್ಮನಿಯಾಗೂ ಹೆಣ್ಮಕ್ಕಳು ಅದಾರಲ್ಲ, ಕುಂದ್ರಿ" ಎಂದ ಕಂಡಕ್ಟರಮ್ಮನ ಮಾತು ಬಾಗಿಲು ಮುಚ್ಚುವಾಗ ಕೇಳಿಸಿತು.

ಬಸ್ಸು ಹೋದ ಮೇಲೆ ರಸ್ತೆ ಬರಿದಾಯಿತು. ಒಂದು ಬೇವಿನ ಮರ, ಎರಡೂ ಕಡೆ ಹತ್ತಿ, ದೂರದಲ್ಲಿ ಯಾರದೋ ಪಂಪ್‌ಸೆಟ್ಟಿನ ಸದ್ದು. ಆ ಪಂಪಿನ ಸದ್ದು ಅವಳಿಗೆ ಮಿಷನ್ನಿನ ಸದ್ದಿನ ಹಾಗೇ ಕೇಳಿಸಿತು. ಅದು ನಿಂತುಬಿಟ್ಟರೆ ಎಂದು ಅದಕ್ಕೂ ಹೆದರಿ ಕಿವಿಗೊಟ್ಟು ನಿಂತಳು. ಮಕ್ತಲಿನ ಕಡೆ ಹೋಗುವ ಆಟೋ ಒಂದು ಬಂತು, ಹಿಂದೆ ಮುಂದೆ ಜನ ಜೋತುಬಿದ್ದಿದ್ದರು. ನಿಲ್ಲಲಿಲ್ಲ. ಒಂದು ಕಾರು ಅವಳು ಕೈ ಎತ್ತಿದ್ದನ್ನು ನೋಡಿಯೂ ಹೋಯಿತು.

ಮದುವೆಯಾಗಿ ಬಂದ ಮೇಲೂ ಅವಳು ಓದುತ್ತಿದ್ದಳು. ಗದ್ವಾಲದಲ್ಲಿ ಬಿ.ಎ. ಪರೀಕ್ಷೆ. ಗುರುಲಿಂಗನಿಗೆ ಬಿಡುವಿಲ್ಲವೆಂದು ಶರಣಯ್ಯನವರು ವ್ಯಾಪಾರದ ದಿನಗಳಲ್ಲಿ ಅಂಗಡಿಗೆ ಬೀಗ ಹಾಕಿ ಅವಳ ಜೊತೆ ಬರುತ್ತಿದ್ದರು. ಪರೀಕ್ಷೆ ಮುಗಿಯುವವರೆಗೂ ಕಾಲೇಜಿನ ಕಂಪೌಂಡಿನ ನೆರಳಿನಲ್ಲಿ ಮಜ್ಜಿಗೆಯ ಡಬ್ಬಿ ಹಿಡಿದು ಕೂತಿರುತ್ತಿದ್ದರು. ಹೊರಬಂದಾಗ ಹೇಗೆ ಬರೆದೆ ಎಂದು ಒಮ್ಮೆಯೂ ಕೇಳಲಿಲ್ಲ. "ಹಸಿವಾಗೇತೇನು?" ಎಂದಷ್ಟೇ ಕೇಳುತ್ತಿದ್ದರು. ಅಂಥವರನ್ನು ನಾನು ಚಿಲಕ ಹಾಕಿದ ಮನೆಯಲ್ಲಿ, ಉಸಿರಿನ ದಾರಿಯನ್ನೇ ಇಳಿಸಿ ಬಂದೆನೇ? ಅವಳು ತನ್ನ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅದು ತನ್ನದಲ್ಲ ಎಂಬಂತೆ.

ನಾರಾಯಣಪೇಟೆಯ ಕಡೆಯಿಂದ ಖಾಲಿ ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡು ಒಂದು ಟಿವಿಎಸ್ ಮೊಪೆಡ್ ಡಬಡಬ ಸದ್ದು ಮಾಡುತ್ತಾ ಬಂತು. ಹಣೆಗೆ ಬೀರಪ್ಪ ದೇವರ ಅರಿಶಿನ ಭಂಡಾರ ಬಳಿದುಕೊಂಡ ನಡುವಯಸ್ಸಿನ ಮನುಷ್ಯ. ಅವಳು ಕೈ ಮಾಡುವ ಮೊದಲೇ ನಿಲ್ಲಿಸಿ, ಹಿಂದಿನ ಕ್ಯಾನೊಂದನ್ನು ಬಿಚ್ಚಿ ಮುಂದೆ ಕಾಲ ಹತ್ತಿರ ಇಟ್ಟುಕೊಂಡು ಜಾಗ ಮಾಡಿದ.

"ಕುಂದ್ರಿ ತಾಯಿ. ನನ್ನ ಹೆಸರು ಬಾಲಯ್ಯ, ಮಕ್ತಲಿನ ತನಕ ಹೋಗ್ತೀನಿ. ಹಾಲಿನ ವಾಸನಿ ಹೊಡೀತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ."

ಅವಳು ಕೂತು, "ನಮ್ಮ ಮಾವಾರು..." ಎಂದು ಶುರುಮಾಡಿದಳು.

"ಈಗ ಹೇಳಬ್ಯಾಡ್ರಿ. ಹೇಳಿದ್ರ ನಾನೂ ಹೆದರ್ತೀನಿ. ನಾ ಹೆದರಿದ್ರ ಈ ಗಾಡಿ ಸೀದಾ ಹೋಗಾಂಗಿಲ್ಲ. ಗಟ್ಟ್ಯಾಗಿ ಹಿಡ್ಕೋರಿ, ಸಾಕು."

ಮೊಪೆಡ್ಡು ಓಡುವಷ್ಟು ಓಡಿತು. ಒಂದು ಕೈಯಲ್ಲಿ ಗಾಡಿ ಹಿಡಿದು, ಇನ್ನೊಂದರಲ್ಲಿ ಅವಳು ಮಾವನ ನಂಬರು ಒತ್ತುತ್ತಲೇ ಇದ್ದಳು. ಅವಳಿಗೆ ಅದು ನಿಂತಲ್ಲೇ ನಿಂತಂತೆ ಅನ್ನಿಸುತ್ತಿತ್ತು. ಮಕ್ತಲು ಇನ್ನೇನು ಬಂತು ಅನ್ನುವಾಗ ರಸ್ತೆಯ ಅಗಲಕ್ಕೂ ಕುರಿ. ನೂರಾರು ಬೆನ್ನುಗಳು ಒಂದಕ್ಕೊಂದು ಒತ್ತಿಕೊಂಡು, ಆತುರವೇ ಇಲ್ಲದೆ ದಾಟುತ್ತಿದ್ದವು. ಹಿಂದಿನ ಕಾರಿನವನು ಹಾರ್ನ್ ಒತ್ತಿಯೇ ಒತ್ತಿದ. ಕುರಿಗಳು ಬೆದರಿ ಇನ್ನಷ್ಟು ಮುದ್ದೆಯಾದವು. ಬಾಲಯ್ಯ ಹಾರ್ನ್ ಮಾಡಲಿಲ್ಲ. ನಾಲಿಗೆಯನ್ನು ಅಂಗುಳಿಗೆ ತಾಗಿಸಿ ಟ್ರ್ ಟ್ರ್ ಎಂದು ಸದ್ದು ಮಾಡಿದ. ಹತ್ತಿರದ ಕುರಿಗಳು ಅತ್ತಿತ್ತ ಸರಿದವು. ಆಚೆಯಿಂದ ಕುರಿಯವನು ಬೈಯಲು ಬಾಯಿ ತೆರೆದಾಗ ಬಾಲಯ್ಯ ಹೇಳಿದ, "ಅಣ್ಣಾ, ದಾರಿ ಬಿಡಿಸು. ಜೀವದ ಕೆಲಸ ಐತಿ ತಾಯಿದು."

ತಾನು ಏನೂ ಹೇಳಿರಲಿಲ್ಲ ಎಂಬುದು ಭಾಗ್ಯಜ್ಯೋತಿಗೆ ಆಗ ನೆನಪಾಯಿತು. ಕುರಿಯವನು ಕೋಲು ಅಡ್ಡ ಹಿಡಿದು ಹಿಂಡನ್ನು ಎರಡು ಮಾಡಿದ. ಆ ಸಂದಿಯಲ್ಲಿ ಅವರು ದಾಟಿಕೊಂಡರು.

ಓಣಿಯ ತಿರುವಿನಲ್ಲೇ ಅವಳಿಗೆ ಮನೆಯ ಬಾಗಿಲು ಕಂಡಿತು. ತೆರೆದಿತ್ತು. ಚಿಲಕ ಹಾಕಿದ್ದು ಖಂಡಿತ. ಈಗ ಅರ್ಧ ತೆರೆದುಕೊಂಡು ನಿಂತಿತ್ತು. ಯಾರೋ ಒಳಗೆ ಹೋಗಿದ್ದಾರೆ. ಅಕ್ಕಪಕ್ಕದವರು ನೆರೆದ ಮನೆಯ ಬಾಗಿಲು ಹೀಗೇ ಇರುತ್ತದೆ. ಗಾಡಿ ನಿಲ್ಲುವ ಮೊದಲೇ ಇಳಿದು ಓಡಿದವಳು ಹೊಸ್ತಿಲಲ್ಲಿ ಮೊದಲು ನೋಡಿದ್ದು ಮಾವನನ್ನಲ್ಲ, ಗೋಡೆಯನ್ನು.

ಮೇನು ಮೇಲಕ್ಕೇ ಇತ್ತು.

ಇಳಿಸಿರಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಮೀಟರಿನ ಸಣ್ಣ ದೀಪ ಮಿನುಗುತ್ತಿತ್ತು. ಸುಮ್ಮನೆ ಹೆದರಿದೆ, ಹುಚ್ಚಿ ನಾನು ಎಂದುಕೊಂಡು ಉಸಿರು ಬಿಟ್ಟಳು. ಬಿಟ್ಟ ಉಸಿರಿನ ಸದ್ದು ಅವಳಿಗೇ ಕೇಳಿಸಿತು. ಅಷ್ಟು ನಿಶ್ಶಬ್ದವಾಗಿತ್ತು ಮನೆ.

ಗುಂಯ್ ಎನ್ನುವ ಸದ್ದು ಇರಲಿಲ್ಲ. ಕರೆಂಟು ಹೋದರೆ ಬರುವ ಅಳುವೂ ಇರಲಿಲ್ಲ.

"ಯಾರ್ರೀ? ಅಕ್ಕಾರ?" ಒಳಗಿನಿಂದ ಹುಸೇನಮ್ಮನ ದನಿ. "ಲಗೂ ಬರ್ರಿ. ಇದು ಹೆಂಗ ಹಚ್ಚೂದು, ನನಗ ತಿಳೀವಲ್ದು."

ಹುಸೇನಮ್ಮ ಮಂಚದ ಮೇಲೆ ಹತ್ತಿ ಕೂತು, ಶರಣಯ್ಯನವರನ್ನು ತನ್ನ ಎದೆಗೆ ಒರಗಿಸಿಕೊಂಡು, ಮೊರದಿಂದ ಗಾಳಿ ಬೀಸುತ್ತಿದ್ದಳು. ಅವರ ತಲೆ ಪಕ್ಕಕ್ಕೆ ವಾಲಿತ್ತು. ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ನಳಿಕೆ ಮೂಗಿನಿಂದ ಜಾರಿ ಕೊರಳಲ್ಲಿ ಸಡಿಲವಾಗಿ ಬಿದ್ದಿತ್ತು. ಪಕ್ಕದಲ್ಲಿ ಮಿಷನ್ನು ದೀಪವಿಲ್ಲದೆ ಕಪ್ಪಗೆ ಕೂತಿತ್ತು. ಅದರ ಸ್ವಿಚ್ಚು ಕೆಳಗಿತ್ತು. ಕರೆಂಟು ಹೋಗಿರಲಿಲ್ಲ. ಯಾರೋ ಕೈಯಾರೆ ಆರಿಸಿದ್ದರು. ಕೈಯಾರೆ ಆರಿಸಿದರೆ ಅದು ಅಳುವುದಿಲ್ಲ.

ಭಾಗ್ಯಜ್ಯೋತಿ ಸ್ವಿಚ್ಚು ಒತ್ತಿದಳು. ಮಿಷನ್ನು ಒಮ್ಮೆ ಕೂಗಿ, ಗುಂಯ್ ಎಂದು ಶುರುವಾಯಿತು. ನಳಿಕೆಯನ್ನು ಮೂಗಿಗೆ ಸೇರಿಸುವಾಗ ಹುಸೇನಮ್ಮ ಮೊರ ಬಿಟ್ಟು ಅವರ ತಲೆಯನ್ನು ನೆಟ್ಟಗೆ ಹಿಡಿದುಕೊಂಡಳು. "ಮಾವಾ. ಮಾವಾ, ಕಣ್ಣು ಬಿಡ್ರಿ. ನಾ ಭಾಗ್ಯ." ಎದೆ ಏರುತ್ತಿತ್ತು, ಆದರೆ ಒಂದು ಏರಿಗೂ ಇನ್ನೊಂದಕ್ಕೂ ನಡುವೆ ಇಷ್ಟುದ್ದ ಅಂತರ. ಆ ಅಂತರದಲ್ಲಿ ಹೆಂಗಸರಿಬ್ಬರೂ ಉಸಿರು ಬಿಗಿಹಿಡಿದು ಕಾದರು. ಬಾಗಿಲಲ್ಲಿ ನಿಂತಿದ್ದ ಬಾಲಯ್ಯ, ಯಾರೂ ಹೇಳದೆಯೇ, ಅಂಬುಲೆನ್ಸಿಗೆ ಫೋನ್ ಮಾಡಿ ಓಣಿಯ ಗುರುತು ಹೇಳುತ್ತಿದ್ದ. ಹೇಳಿ ಮುಗಿಸಿ ಹಣೆಯ ಭಂಡಾರವನ್ನು ಒಂದು ಬೆರಳಿನಿಂದ ಮುಟ್ಟಿಕೊಂಡ.

ಅಂಬುಲೆನ್ಸಿನವರು ಬರುವಷ್ಟರಲ್ಲಿ ತುಟಿಯ ಬಣ್ಣ ತಿರುಗತೊಡಗಿತ್ತು. ಬಂದವನು ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, ಅಂಕಿ ಮೇಲೆ ಹತ್ತುವವರೆಗೂ ಅದರಿಂದ ಕಣ್ಣು ತೆಗೆಯಲಿಲ್ಲ. ಡಾಕ್ಟರಿಗೆ ಫೋನಿನಲ್ಲಿ ಹೇಳಿ, ಅವರ ಮಾತು ಕೇಳಿಸಿಕೊಂಡು, "ಈಗ ಏಂ ಕಾದು ಅಮ್ಮಾ, ಏನೂ ಆಗಾಂಗಿಲ್ಲ. ಸಂಜಿ ಮುಂದ ದವಾಖಾನಿಗೆ ಕರಕೊಂಡು ಬಂದು ತೋರಿಸ್ರಿ" ಎಂದ. ಬಾಗಿಲ ತನಕ ಹೋಗಿ ತಿರುಗಿ ನಿಂತು, "ಇನ್ನೊಂದು ಸ್ವಲ್ಪ ಹೊತ್ತು ಯಾರೂ ನೋಡಿದ್ದಿಲ್ಲಂದ್ರ..." ಎಂದವನು ಮಂಚದ ಕಡೆ ನೋಡಿ ಮಾತು ನುಂಗಿಕೊಂಡ. ಬಾಲಯ್ಯನೂ ಅವನ ಹಿಂದೆಯೇ ಹೋದ. ಹೋಗುವಾಗ ಕ್ಯಾನಿನ ತಳದಲ್ಲಿ ಉಳಿದಿದ್ದ ಹಾಲನ್ನು ಹೊಸ್ತಿಲ ಪಕ್ಕದ ಚೊಂಬಿಗೆ ಬಗ್ಗಿಸಿ ಹೋಗಿದ್ದ. ಅದು ಅವಳಿಗೆ ಆಮೇಲೆ ಕಂಡಿತು.

ಶರಣಯ್ಯನವರು ಕಣ್ಣು ಬಿಟ್ಟಾಗ ಮೊದಲು ಮಿಷನ್ನಿನ ಕಡೆ ನೋಡಿದರು. ತಪ್ಪು ಮಾಡಿ ಸಿಕ್ಕಿಬಿದ್ದವರ ನೋಟ.

"ಯಾರ್ರೀ ಇದನ್ನ ಬಂದ್ ಮಾಡಿದ್ದು?" ಭಾಗ್ಯಜ್ಯೋತಿ ಮೆಲ್ಲಗೆ ಕೇಳಿದಳು.

"ನಾನಾ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ನೀ ಹೋದಿ. ನಾ ಎದ್ದು ಸುಮ್ಮ ಕುಂತಿದ್ದೆ, ಆರಾಮ ಇತ್ತು. ಇದು ಬರೇ ಓಡಾಕತ್ತಿತ್ತು. ಯಾರಿಗೂ ಬ್ಯಾಡಾದಾಗ ಕರೆಂಟ್ ಸುಡಬಾರದು ಅಂತ ನೀನಾ ಹೇಳ್ತಿದ್ದಿಲ್ಲೇನು? ಮಲಗೂ ಮುಂದ ಹಚ್ಚಿದ್ರಾತು ಅಂದ್ಕೊಂಡೆ. ಕುಂತಲ್ಲೇ ಕಣ್ಣು ಹತ್ತಿತು. ಹಚ್ಚಬೇಕು ಅಂತ ಒಳಗ ಅನ್ನಿಸಾಕತ್ತಿತ್ತವ್ವ. ಕೈ ಏಳಲಿಲ್ಲ."

ಭಾಗ್ಯಜ್ಯೋತಿ ಅವರ ಮೂಗಿನ ನಳಿಕೆಯನ್ನು ಸರಿಮಾಡಿದಳು. ದಾರಿಯುದ್ದಕ್ಕೂ ತನ್ನ ಕೈಗೆ ಹೆದರಿ ಬಂದಿದ್ದಳು. ಕೈ ಏನೂ ಮಾಡಿರಲಿಲ್ಲ. ಮಾಡಿದ್ದು ಅವಳ ಮಾತು. ಅದು ಈ ಮನೆಯಲ್ಲಿ ನೆಲೆಯೂರಿ, ಅವಳಿಲ್ಲದಾಗ ಎದ್ದು ಹೋಗಿ ಸ್ವಿಚ್ಚು ಇಳಿಸಿತ್ತು. ಮಾವ ಅದನ್ನು ಪ್ರೀತಿಯಿಂದಲೇ ಮಾಡಿದ್ದರು. ಅದಕ್ಕೇ ಅವಳಿಗೆ ಈಗ ಇನ್ನೂ ಹೆಚ್ಚು ಭಯವಾಯಿತು.

"ಹುಸೇನಮ್ಮ, ನೀ ಹೆಂಗ ಒಳಗ ಬಂದಿ?" ಎಂದು ಕೇಳಿದಳು. ಹುಸೇನಮ್ಮ ದಿನವೂ ಬರುತ್ತಾಳೆ, ಆದರೆ ಒಳಗಲ್ಲ. ಹೊಸ್ತಿಲ ಹೊರಗಿಟ್ಟ ಸಿಪ್ಪೆಯ ಬಕೀಟು ಎತ್ತಿಕೊಂಡು ಹೋಗಿ ಆಡಿಗೆ ಸುರಿದು, ಬಕೀಟು ತೊಳೆದು ಮತ್ತೆ ಅಲ್ಲೇ ಇಟ್ಟು ಹೋಗುತ್ತಾಳೆ. ಕಸವೂ ಕಸವಾಗುವುದಿಲ್ಲ, ಅವಳ ಆಡಿಗೂ ಆಗುತ್ತದೆ. ಅದೂ ಭಾಗ್ಯಜ್ಯೋತಿ ಮಾಡಿದ ಏರ್ಪಾಡೇ.

"ಬಕೀಟು ಎಲ್ಲಿಟ್ಟಿದ್ರಿ ಅಕ್ಕಾರ ನೀವು?" ಹುಸೇನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೊರಗ ಇದ್ದಿದ್ದೇ ಇಲ್ಲ. ಮರೆತು ಹೋಗ್ಯಾರ ಅಂದ್ಕೊಂಡೆ. ನನ್ನ ಆಡು ಬೆನ್ನ ಹಿಂದ ಒದರಾಕತ್ತಿತ್ತು. 'ಅಯ್ಯಾರ, ಬಕೀಟು ಎಲ್ಲೈತ್ರಿ' ಅಂತ ಒದರಿದೆ. ಯಾವಾಗ ನಾ ಒಂದು ಅಂದ್ರೂ ಅಯ್ಯಾರು ನಾಕು ಅಂತಾರಲ್ಲ, 'ನಿನ್ನ ಆಡಿಗೆ ಮದುವಿ ಊಟ ಬೇಕೇನ' ಅಂತ. ಇವತ್ತು ಏನೂ ಅನಲಿಲ್ಲ. ಒಳಗ ಫೋನು ಒಂದಾ ಸವನ ಬಡಕೊಳ್ಳಾಕತ್ತಿತ್ತು. ನನಗ ಎದಿ ಧಸಕ್ಕಂತು. ಚಿಲಕ ತೆಗೆದೆ."

ಭಾಗ್ಯಜ್ಯೋತಿ ಅಡುಗೆಮನೆಯ ಕಡೆ ತಿರುಗಿದಳು. ಬಕೀಟು ಒಲೆಕಟ್ಟೆಯ ಕೆಳಗೆ, ಹೀರೇಕಾಯಿಯ ಸಿಪ್ಪೆ ತುಂಬಿಕೊಂಡು ಕೂತಿತ್ತು. ಬಕೀಟು ಹೊರಗಿಟ್ಟೆ ಎಂದು ಬಸ್ಸಿನಲ್ಲಿ ಕಣ್ಣಾರೆ ಕಂಡಿದ್ದಳಲ್ಲ. ಮೇನಿನ ಬಗ್ಗೆ ಅನುಮಾನ ಬಂದಿತ್ತು, ಬಕೀಟಿನ ಬಗ್ಗೆ ಬಂದಿರಲೇ ಇಲ್ಲ. ದಿನದಂತೆ ಅದು ಹೊರಗಿದ್ದಿದ್ದರೆ ಹುಸೇನಮ್ಮ ಸದ್ದಿಲ್ಲದೆ ಎತ್ತಿಕೊಂಡು ಹೋಗುತ್ತಿದ್ದಳು. ಗುರುಲಿಂಗ ಬರುವುದು ಊಟದ ಹೊತ್ತಿಗೆ. ಅಲ್ಲಿಯವರೆಗೆ ಫೋನು ಬಡಿದುಕೊಳ್ಳುತ್ತಾ ಇರುತ್ತಿತ್ತು. ಅಷ್ಟು ಯೋಚಿಸಿ ಮುಂದಿನದನ್ನು ಯೋಚಿಸಲಾರದೆ ಅವಳು ಆ ಬಕೀಟಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು.

ಹುಸೇನಮ್ಮ ಬಂದು ಅವಳ ಪಕ್ಕ ಕೂತಳು. ಅವಳ ಬೆನ್ನು ಸವರಿ ಎದ್ದಳು. ಬಾಲಯ್ಯ ಬಿಟ್ಟುಹೋದ ಹಾಲು ಕಾಯಿಸಿ, ಒಂದು ಲೋಟ ಅವಳ ಕೈಗೆ, ಇನ್ನೊಂದನ್ನು ಶರಣಯ್ಯನವರಿಗೆ ಕೊಟ್ಟು, ಆಮೇಲೆ ಬಕೀಟು ಎತ್ತಿಕೊಂಡು ಆಡಿನ ಹತ್ತಿರ ಹೋದಳು.

ಸಂಜೆ ದವಾಖಾನೆಯಿಂದ ಬಂದ ಮೇಲೆ ಭಾಗ್ಯಜ್ಯೋತಿ ಗೂಡಿನಿಂದ ದಾರದ ಉಂಡೆ ತೆಗೆದು ಮಾವನ ಮುಂದೆ ಹಿಡಿದಳು. "ಮಾವಾ, ಮೂಟಿಗೆ ಹಾಕ್ತಿದ್ರಲ್ಲ, ಆ ಗಂಟು ಹಾಕಿ ಕೊಡ್ರಿ." ಶರಣಯ್ಯನವರು ಕೇಳದೆಯೇ ತಿಳಿದುಕೊಂಡರು. ಮಿಷನ್ನಿನ ಸ್ವಿಚ್ಚು ಮೇಲಿರುವಂತೆಯೇ ದಾರ ಬಿಗಿದು ಗಂಟು ಹಾಕಿದರು. ಗುರುಲಿಂಗ ತಲೆಬಾಗಿಲ ಹತ್ತಿರ ಸ್ಟೂಲು ಹತ್ತಿ, ತಂದೆ ಹೇಳಿಕೊಟ್ಟ ಹಾಗೆ ಮೇನಿಗೂ ಅದೇ ಗಂಟು ಹಾಕಿದ.

"ಹಂಗಾರ ಇನ್ನ ಕರೆಂಟ್ ಸುಟ್ಟರೂ ನಡೀತೈತೇನವ್ವ?" ಎಂದರು ಶರಣಯ್ಯನವರು, ಕಳ್ಳನಗೆಯಿಂದ.

"ಇದು ಸುಡೂದಲ್ಲ ಮಾವಾ. ನೀವು ಉಸಿರಾಡೂದು." ಅವಳು ನಗಲಿಲ್ಲ. ಅವರೂ ನಗುವುದನ್ನು ನಿಲ್ಲಿಸಿ, "ತಿಳೀತು" ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. ಆ ಕೈ ಇನ್ನೂ ತಣ್ಣಗಿತ್ತು.

ಮತ್ತೊಂದು ವಾರದ ರಜೆ ಮುಗಿದ ಮೇಲೆ ಅವಳು ಕಚೇರಿಗೆ ಹೊರಟಳು. ಬಾಗಿಲು ದಾಟುವಾಗ ಬಲಗೈ ತಾನಾಗಿಯೇ ಗೋಡೆಯ ಕಡೆ ಏರಿತು. ಬೆರಳಿಗೆ ದಾರ ತಾಗಿತು. ಬಿಸಿ ತಾಗಿದಂತೆ ಹಿಂದಕ್ಕೆಳೆದುಕೊಂಡಳು. ಬಸ್ಸಿನಲ್ಲಿ ನಾರಾಯಣಪೇಟೆಯವರೆಗೂ ಆ ದಾರದ ಒರಟುತನ ಬೆರಳಿನಲ್ಲೇ ಇತ್ತು. ಅದನ್ನೇ ಉಜ್ಜಿಕೊಳ್ಳುತ್ತಾ ಹೋದಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದರು. ಪೆಂಟಮ್ಮ ಕೋಣೆಯ ಮೇನಿನ ಮುಂದೆ ಹೋಗಿ ನಿಂತು ದಿನದಂತೆ ಕೇಳಿದಳು. "ಇಳಿಸಲೇನ್ರಿ ಮೇಡಂ?"

"ಒಂದೀಟು ತಡಿ ಪೆಂಟಮ್ಮ."

ಉದಯಕುಮಾರ ಏನೋ ಹಾಸ್ಯ ಮಾಡಲು ಬಾಯಿ ತೆರೆದ. ಅವಳ ಮುಖ ನೋಡಿ, ಎಲ್ಲರ ಲೋಟಗಳನ್ನು ತಾನೇ ಎತ್ತಿಕೊಂಡು ತೊಳೆಯಲು ನಡೆದ.

ಭಾಗ್ಯಜ್ಯೋತಿ ಮಾವನ ಫೋನಿಗೆ ಕರೆ ಮಾಡಿದಳು. ರಿಂಗಾಯಿತು. ಮತ್ತೆ ರಿಂಗಾಯಿತು. ಬಕೀಟು ಈಗ ಹೊರಗಿಲ್ಲ. ಮಂಚದ ಪಕ್ಕ, ಮಿಷನ್ನಿಗೆ ಒತ್ತಿಕೊಂಡು ಇರುತ್ತದೆ, ಹುಸೇನಮ್ಮ ಅದಕ್ಕಾಗಿ ಒಳಗೇ ಬರಬೇಕು. ಬಂದಿದ್ದಾಳೆಯೇ? ಫೋನು ರಿಂಗಾಗುತ್ತಲೇ ಇತ್ತು. ಪೆಂಟಮ್ಮ ಎತ್ತಿದ ಕೈಯನ್ನು ಕೆಳಗಿಳಿಸಿ ಅವಳನ್ನೇ ನೋಡುತ್ತಾ ನಿಂತಳು.

ಕಟ್ಟಕಡೆಗೆ ಯಾರೋ ಎತ್ತಿದರು. ಸೆರಗಿನ ಸರಸರ, ಆಡಿನ ಒಂದು ಕೂಗು, ಆಮೇಲೆ ಫೋನನ್ನು ಯಾವುದಕ್ಕೋ ಹತ್ತಿರ ಹಿಡಿದ ಹಾಗೆ ಗುಂಯ್ ಎನ್ನುವ ಸದ್ದು ಕಿವಿ ತುಂಬಿತು.

"ಕೇಳಿಸ್ತೇನ್ರಿ ಅಕ್ಕಾರ?" ಎಂದಳು ಹುಸೇನಮ್ಮ.

ಅದರ ಹಿಂದೆ ಶರಣಯ್ಯನವರ ದನಿ, "ಆಕಿಗೆ ಹೇಳು, ಆಡಿಗೆ ಇವತ್ತು ಸಿಪ್ಪಿ ಸಾಲಲಿಲ್ಲಂತ, ನಾಳಿ ಜಾಸ್ತಿ ಇಡಬೇಕಂತ."

ಭಾಗ್ಯಜ್ಯೋತಿ ಆ ಗುಂಯ್ ಸದ್ದನ್ನು ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಪೆಂಟಮ್ಮನಿಗೆ ತಲೆಯಾಡಿಸಿದಳು. ಟಕ್ ಎಂದಿತು. ಫ್ಯಾನುಗಳು ಒಂದೊಂದಾಗಿ ನಿಂತವು. ಅವು ಪೂರ್ತಿ ನಿಲ್ಲುವವರೆಗೂ ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.